ಬಳಸಿದ ಮೇಲೆ ಎಲ್ಲಿಗೆ?



ಜಾತ್ರೆ, ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ನಮ್ಮ ಊರುಗಳ ಬಸ್ ತಂಗುದಾಣಗಳು ಫ್ಲೆಕ್ಸ್ ಫಲಕಗಳಲ್ಲಿ ಮುಚ್ಚಿಹೋಗುತ್ತವೆ. ರಸ್ತೆಬದಿಯ ಮರಗಳ ಮೈಗೆ ಮೊಳೆ ಇಳಿಯುತ್ತದೆ. ಅನ್ಯರನ್ನು ದೂರುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಕಾಡಿನ ರಕ್ಷಣೆಗಾಗಿ ಕರೆದ ನಮ್ಮದೇ ಸಭೆಗೂ ಹಿಂದೊಮ್ಮೆ ಕಟ್ಟಿದ್ದು ಫ್ಲೆಕ್ಸನ್ನೇ. ಸಭೆ ಅರ್ಧ ದಿನದಲ್ಲಿ ಮುಗಿಯಿತು. ಫಲಕ ಇಂದಿಗೂ ಅಟ್ಟದ ಮೇಲಿದೆ.

ಅದು ಪಿವಿಸಿ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗದು, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ಗಳಂತಹ ವಿಷಗಳು ಗಾಳಿಗೆ ಸೇರುತ್ತವೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಫ್ಲೆಕ್ಸನ್ನು ನಿಷೇಧಿಸಿತು. 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕಾನೂನಿಗೆ ಕೊರತೆಯಿಲ್ಲ; ಅದರ ಜಾಗದಲ್ಲಿ ನಿಲ್ಲಬಲ್ಲ ವಸ್ತುವನ್ನು ನಾವು ರೂಪಿಸಿಲ್ಲ.

ನಮ್ಮ ಹಿರಿಯರಿಗೆ ವಿನ್ಯಾಸವೆಂಬ ಶಾಸ್ತ್ರ ತಿಳಿದಿರಲಿಲ್ಲವೇ? ಉದುರಿದ ಅಡಿಕೆ ಹಾಳೆ ಅವರ ಕೈಯಲ್ಲಿ ತಲೆಗೆ ಮುಟ್ಟಾಳೆಯಾಯಿತು, ಊಟಕ್ಕೆ ತಟ್ಟೆಯಾಯಿತು, ಸವೆದ ಮೇಲೆ ಗೊಬ್ಬರವಾಯಿತು. ಸಾಗರ ಸೀಮೆಯ ದೀವರ ಮಹಿಳೆಯರು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಗಳನ್ನು ಬಳಸಿದರು. ಪುಂಡಿ ನಾರೇ ಅವರ ಕುಂಚ. ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಆ ವಸ್ತುಗಳಲ್ಲಿಯೇ ಉತ್ತರವಿತ್ತು.

ಹಳೆಯದನ್ನು ಹೊಗಳಿದರೆ ಸಾಲದು. ಮಣ್ಣಿನ ಬಣ್ಣ ನಮ್ಮ ಮಳೆಗೆ ನಿಲ್ಲದು. ಅದಕ್ಕೆ ಸೂರಿನಡಿಯ ಗೋಡೆ ಬೇಕು. ಎಳೆಯ ಬಿದಿರನ್ನು ಕಡಿದು ಚೌಕಟ್ಟು ಕಟ್ಟಿದರೆ ಅದರ ಪಿಷ್ಟಕ್ಕೆ ಕುಟ್ಟೆ ಹುಳ ಬೀಳುತ್ತದೆ. ಮೂರು ನಾಲ್ಕು ವರ್ಷ ಬಲಿತ ಗಳುವನ್ನು ಕೆಲವು ವಾರ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದರೆ ಬಾಳಿಕೆ ಹೆಚ್ಚುತ್ತದೆ. ಹಾಗೆಂದು ಕಾಡಿನ ಬಿದಿರಿಗೆ ಕೈಹಾಕಬೇಕಿಲ್ಲ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ಬೇಲಿಯಂಚಿನಲ್ಲಿ ನಾವೇ ಬೆಳೆಯಬಹುದು. ಮೇದಾರರ ಕೈಗೆ ಕೆಲಸವೂ ದೊರೆತೀತು.

ನಮ್ಮ ಸೂಚನೆ ಸರಳವಾದುದು. ಪ್ರತಿ ಊರಿನ ತಂಗುದಾಣದಲ್ಲಿ, ಸೂರಿನ ಕೆಳಗೆ, ಬಿದಿರು ಚೌಕಟ್ಟಿನ ಒಂದೇ ಸಾರ್ವಜನಿಕ ಫಲಕವಿರಲಿ. ಉತ್ಸವಕ್ಕೆ ಹತ್ತಿಬಟ್ಟೆಯ ಬ್ಯಾನರ್ ಇರಲಿ: ಊರಿನ, ಸಂಘದ ಹೆಸರು ಅದರ ಮೇಲೆ ಸ್ಥಿರವಾಗಿರಲಿ, ಇಸವಿ, ದಿನಾಂಕ, ಅತಿಥಿಗಳ ಹೆಸರು ಬದಲಿಸಬಹುದಾದ ತುಂಡುಬಟ್ಟೆಯಲ್ಲಿರಲಿ. ಒಮ್ಮೆ ಹೊಲಿಸಿದ ಬ್ಯಾನರ್ ಹಲವು ವರ್ಷ ಬಂದೀತು. ವಿದ್ಯಾರ್ಥಿಗಳು ಅಕ್ಷರ ಬರೆಯಲಿ, ಹಿರಿಯರು ಚಿತ್ತಾರದ ಅಂಚು ಕಲಿಸಲಿ.

ನಮ್ಮ ಮುಂದಿನ ಸಭೆಗೆ ಫ್ಲೆಕ್ಸ್ ಇರುವುದಿಲ್ಲ. ಇದ್ದರೆ, ಬಂದವರು ಸಭೆಯಿಂದ ಎದ್ದು ಹೋಗಬಹುದು.

– ಸಂಪಾದಕ