ಮನೆಯ ರುಚಿಯೂ ಮಾರುಕಟ್ಟೆಯ ತಕ್ಕಡಿಯೂ

ವ್ಯಾಪಾರದ ನಿಮಿತ್ತ ಸಿಂಗಪುರ, ಹಾಂಗ್‌ಕಾಂಗ್ ಅಥವಾ ದುಬೈಗೆ ತೆರಳುವ ಕರ್ನಾಟಕದ ವರ್ತಕರಿಗೆ, ನಗುಮುಖದ ಕೆಂಪು ಜೇನುನೊಣವನ್ನು ಲಾಂಛನವಾಗುಳ್ಳ ಒಂದು ತಿಂಡಿ ಮಳಿಗೆ ಕಣ್ಣಿಗೆ ಬೀಳುವುದುಂಟು. ಅದು ಫಿಲಿಪೀನ್ಸ್ ಮೂಲದ ಜಾಲಿಬೀ. ಕುತೂಹಲದಿಂದ ಒಳಹೊಕ್ಕು ಅಲ್ಲಿನ ಸ್ಪಾಗೆಟಿಯನ್ನು ಬಾಯಿಗಿಟ್ಟವರು ಸಾಮಾನ್ಯವಾಗಿ ಹುಬ್ಬುಗಂಟಿಕ್ಕುತ್ತಾರೆ. ಇಟಲಿಯ ಹೆಸರು ಹೊತ್ತ ಆ ಖಾದ್ಯ ಸಿಹಿಯಾಗಿರುತ್ತದೆ. ಮೇಲೆ ಹಾಟ್‌ಡಾಗ್ ತುಣುಕುಗಳು, ತುರಿದ ಚೀಸ್. ಕರಿದ ಕೋಳಿಯ ಜೊತೆಗೆ ಬ್ರೆಡ್ಡಿನ ಬದಲು ಕಾಗದದಲ್ಲಿ ಸುತ್ತಿದ ಅನ್ನ, ಒಂದು ಪುಟ್ಟ ಬಟ್ಟಲು ಗ್ರೇವಿ. ಸಸ್ಯಾಹಾರಿಗೆ ಅಲ್ಲಿ ಹೆಚ್ಚೇನೂ ದೊರೆಯದು. ರುಚಿ ಹಿಡಿಸಲಿಲ್ಲವೆಂದು ತಟ್ಟೆ ಸರಿಸಿ ಎದ್ದುಬರುವ ಪ್ರವಾಸಿಯು ವ್ಯಾಪಾರದ ದೃಷ್ಟಿಯಿಂದ ಮುಖ್ಯವಾದುದನ್ನೇ ಬಿಟ್ಟುಬರುತ್ತಾನೆ. ಆ ಸಿಹಿ ಅವನಿಗಾಗಿ ಸಿದ್ಧಪಡಿಸಿದ್ದಲ್ಲ.

ಅದು ಫಿಲಿಪೀನ್ಸ್‌ನ ಮನೆಮಕ್ಕಳ ಹುಟ್ಟುಹಬ್ಬದ ರುಚಿ. ಅಲ್ಲಿನ ಮನೆಗಳಲ್ಲಿ ಸ್ಪಾಗೆಟಿಗೆ ಬಾಳೆಹಣ್ಣಿನ ಕೆಚಪ್ ಬಳಸುವ ರೂಢಿಯಿದೆ. ಟೊಮ್ಯಾಟೊ ಸಾಲದ ದೇಶದಲ್ಲಿ ಹೇರಳವಾಗಿ ಬೆಳೆಯುವ ಬಾಳೆಹಣ್ಣಿನಿಂದ ಇಂತಹ ಕೆಚಪ್ ರೂಪಿಸಿದ ಕೀರ್ತಿ ಆಹಾರತಜ್ಞೆ ಮರಿಯಾ ಒರೋಸಾ ಅವರಿಗೆ ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಾಲದಾದಾಗ ಬೆಂಗಳೂರಿನ ಎಂಟಿಆರ್‌ನಲ್ಲಿ ರವೆ ಇಡ್ಲಿ ಹುಟ್ಟಿತೆಂದು ಕೇಳಿಬಲ್ಲ ಓದುಗರಿಗೆ ಈ ಸಂಗತಿ ಹೊಸದೆನಿಸದು. ಕೊರತೆಯಿಂದ ಹುಟ್ಟಿದ್ದು ರೂಢಿಯಾಯಿತು, ರೂಢಿಯು ರುಚಿಯಾಯಿತು.

1975ರಲ್ಲಿ ಟೋನಿ ಟಾನ್ ಕಾಕ್ಟಿಯಾಂಗ್ ಎಂಬ ತರುಣ, ಮನಿಲಾ ಮಹಾನಗರದ ಭಾಗವಾದ ಕ್ವೆಜಾನ್ ಸಿಟಿಯ ಕುಬಾವೋದಲ್ಲಿ ಐಸ್‌ಕ್ರೀಂ ಅಂಗಡಿಯೊಂದನ್ನು ತೆರೆದರು. ಬಂದ ಗಿರಾಕಿಗಳು ಐಸ್‌ಕ್ರೀಮಿಗಿಂತ ಬಿಸಿ ತಿಂಡಿಯನ್ನೇ ಹೆಚ್ಚಾಗಿ ಕೇಳತೊಡಗಿದಾಗ ಅಂಗಡಿಯ ಸ್ವರೂಪವೇ ಬದಲಾಯಿತು; 1978ರಲ್ಲಿ ಅದು ಜಾಲಿಬೀ ಕಂಪನಿಯಾಗಿ ನೋಂದಣಿಯಾಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1981ರಲ್ಲಿ, ಮೆಕ್‌ಡೊನಾಲ್ಡ್ಸ್ ಫಿಲಿಪೀನ್ಸ್ ಪ್ರವೇಶಿಸಿತು. ಬಂಡವಾಳ, ಯಂತ್ರ, ಜಾಹೀರಾತು ಯಾವುದರಲ್ಲಿಯೂ ಎರಡಕ್ಕೂ ಹೋಲಿಕೆಯಿರಲಿಲ್ಲ. ಅಂದು ಹೊರಗಿನ ದೈತ್ಯನ ಬರ್ಗರ್ ಅನ್ನು ಯಥಾವತ್ತಾಗಿ ಅನುಕರಿಸಿದ್ದರೆ ಜಾಲಿಬೀ ಅಗ್ಗದ ನಕಲಾಗಿ ಉಳಿದು ಕೆಲವೇ ವರ್ಷಗಳಲ್ಲಿ ಅಳಿಯುತ್ತಿತ್ತು. ಅದು ಬರ್ಗರಿಗೆ ದೇಶೀಯ ನಾಲಗೆ ಬಯಸುವ ಸಿಹಿ ಮತ್ತು ಮಸಾಲೆಯನ್ನು ಬೆರೆಸಿತು, ಕೋಳಿಯ ಪಕ್ಕದಲ್ಲಿ ಅನ್ನವನ್ನಿಟ್ಟಿತು. ಸ್ವದೇಶದಲ್ಲಿ ಇಂದಿಗೂ ಮೆಕ್‌ಡೊನಾಲ್ಡ್ಸ್‌ಗಿಂತ ಹೆಚ್ಚು ಮಳಿಗೆಗಳಿರುವುದು ಜಾಲಿಬೀಗೆ.

ಇಷ್ಟನ್ನು ಓದಿ 'ನಮ್ಮ ರುಚಿ ನಮಗೆ ರಕ್ಷೆ' ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ವರ್ತಕ ಸಂಘಗಳ ಸಭೆಗಳಲ್ಲಿ ಈ ಮಾತು ಆಗಾಗ್ಗೆ ಕೇಳಿಬರುತ್ತದೆ. ಆದರೆ ಮನೆಯ ರುಚಿಯನ್ನು ಬಲ್ಲ ತಿಂಡಿ ಅಂಗಡಿಗಳು 1981ರ ಮನಿಲಾದಲ್ಲಿಯೂ ಬೀದಿಬೀದಿಗೆ ಇದ್ದವು. ಅವುಗಳಲ್ಲಿ ಒಂದು ಮಾತ್ರ ದೈತ್ಯನಿಗೆ ಎದುರು ನಿಂತಿತು. ಆ ಒಂದು, ಎದುರಾಳಿಯ ತಿಂಡಿಯನ್ನು ಬಿಟ್ಟು ಅವನ ಶಿಸ್ತನ್ನು ಎರವಲು ಪಡೆದಿತ್ತು: ಕೇಂದ್ರೀಯ ಪಾಕಶಾಲೆ, ತೂಕ ಮಾಡಿದ ಮಸಾಲೆ, ನಿಗದಿತ ಉಷ್ಣತೆ, ಯಾವ ಊರಿನ ಮಳಿಗೆಯಲ್ಲಿ ತಿಂದರೂ ಒಂದೇ ರುಚಿ. ಅಜ್ಜಿಯ ಕೈಅಳತೆಯನ್ನು ಗ್ರಾಂ ಲೆಕ್ಕಕ್ಕೆ ಇಳಿಸುವುದು ರುಚಿಪ್ರಿಯರಿಗೆ ಅಪಚಾರವೆಂದು ತೋರಬಹುದು. ಹಾಗೆ ಇಳಿಸದ ಪಾಕವು ಅಜ್ಜಿಯೊಡನೆಯೇ ಮುಗಿಯುತ್ತದೆ.

ಈ ದೃಷ್ಟಿಯಿಂದ ಉಡುಪಿ ಹೋಟೆಲುಗಳ ಚರಿತ್ರೆ ವಿಚಾರಾರ್ಹವಾದುದು. ಮುಂಬಯಿಯಿಂದ ಮೊದಲ್ಗೊಂಡು ದೇಶದ ಮೂಲೆಮೂಲೆಗೂ ಹರಡಿದ ಹೆಸರದು. ಕರಾವಳಿಯ ಸಾವಿರಾರು ಕುಟುಂಬಗಳು ಅದರಿಂದ ಬದುಕು ಕಟ್ಟಿಕೊಂಡವು. ಒಂದೇ ಕಂಪನಿಯ ಸ್ವತ್ತಾಗಿದ್ದರೆ ಅಷ್ಟು ಜನ ಮಾಲೀಕರಾಗುತ್ತಿರಲಿಲ್ಲವೆಂಬ ಮಾತೂ ಸತ್ಯ. ಆದರೆ ಯಾರ ಸ್ವತ್ತೂ ಅಲ್ಲದ ಹೆಸರನ್ನು ಕಾಯುವವರೂ ಯಾರಿಲ್ಲ. ಅದೇ ಫಲಕದಡಿಯಲ್ಲಿ ಒಂದು ಕಡೆ ಘಮಘಮಿಸುವ ಸಾಂಬಾರು, ಇನ್ನೊಂದು ಕಡೆ ಬಣ್ಣದ ನೀರು. ಎಲ್ಲ ಹೋಟೆಲಿಗರೂ ಸರಪಳಿ ಮಳಿಗೆ ಕಟ್ಟಬೇಕೆಂದಿಲ್ಲ. ಹೆಸರನ್ನು ಊರಾಚೆಗೆ ಒಯ್ಯಬಯಸುವವರು ಮಾತ್ರ ಈ ವ್ಯತ್ಯಾಸವನ್ನು ಮೊದಲೇ ಬಗೆಹರಿಸಿಕೊಳ್ಳಬೇಕಾಗುತ್ತದೆ.

ಸಿಂಗಪುರದಲ್ಲಿ ಈ ಎರಡು ಪರಂಪರೆಗಳ ಮಳಿಗೆಗಳು ಒಂದೇ ವರ್ಷ ತೆರೆದವು. ಜಾಲಿಬೀ 2013ರಲ್ಲಿ ಆರ್ಚರ್ಡ್ ರಸ್ತೆಯ ಲಕ್ಕಿ ಪ್ಲಾಜಾದಲ್ಲಿ ತನ್ನ ಮಳಿಗೆ ತೆರೆಯಿತು. ಭಾನುವಾರಗಳಂದು ಫಿಲಿಪೀನ್ಸ್‌ನ ಮನೆಗೆಲಸದ ಹೆಣ್ಣುಮಕ್ಕಳು ಒಟ್ಟುಗೂಡುವ ತಾಣವದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಟಿಆರ್ ಅದೇ 2013ರಲ್ಲಿ ಸೆರಂಗೂನ್ ರಸ್ತೆಗೆ ಬಂದಿತು. ಎರಡೂ ತಮ್ಮವರಿರುವ ಜಾಗವನ್ನೇ ಆರಿಸಿಕೊಂಡವು. ಪರದೇಶದಲ್ಲಿ ಸ್ವಜನರಿಗೇ ಮಾರುವುದು ಅಲ್ಪತನವೆಂದು ಕೆಲವರು ಮೂಗು ಮುರಿಯುತ್ತಾರೆ. ಅದು ಸರಿಯಲ್ಲ. ಅಂಗಡಿಯ ಬಾಡಿಗೆಯನ್ನು ಮೊದಲ ತಿಂಗಳಿನಿಂದಲೇ ಹುಟ್ಟಿಸಿಕೊಡುವ ಗಿರಾಕಿಯೇ ಒಳ್ಳೆಯ ಗಿರಾಕಿ. ಇತರರ ಕುತೂಹಲಕ್ಕೆ ಕಾಯಲು ಅದೇ ಬಂಡವಾಳ. 1998ರಲ್ಲಿ ಜಾಲಿಬೀ ಅಮೆರಿಕದಲ್ಲಿ ಮೊದಲ ಮಳಿಗೆ ತೆರೆದದ್ದೂ ಫಿಲಿಪಿನೋ ಜನ ದಟ್ಟವಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿಯೇ.

ಹಾಗೆಂದು ಸಂಸ್ಥೆಯ ಹಾದಿ ನಿಷ್ಕಂಟಕವಾಗಿರಲಿಲ್ಲ. 1986ರಲ್ಲಿ ತೈವಾನ್‌ನಲ್ಲಿ ತೆರೆದ ಮಳಿಗೆಗಳು ಎರಡೇ ವರ್ಷಗಳಲ್ಲಿ ಮುಚ್ಚಿದವು. ಚೀನಾದ ಯೋಂಗ್‌ಹೆ ಕಿಂಗ್ ಅನ್ನು 2004ರಲ್ಲಿಯೂ ಕಾಫಿ ಬೀನ್ ಅಂಡ್ ಟೀ ಲೀಫ್ ಸಂಸ್ಥೆಯನ್ನು 2019ರಲ್ಲಿ 35 ಕೋಟಿ ಡಾಲರಿಗೂ ಕೊಂಡುಕೊಂಡದ್ದನ್ನು ನೋಡಿದರೆ, ಸ್ವಂತ ರುಚಿ ಒಗ್ಗದ ಕಡೆ ಪರರ ರುಚಿಯನ್ನು ಖರೀದಿಸುವುದೇ ಲೇಸೆಂದು ಅದು ತೀರ್ಮಾನಿಸಿದಂತಿದೆ. ಇನ್ನು 2014ರ ಆಗಸ್ಟ್ ತಿಂಗಳಿನ ಪ್ರಕರಣ. ಸರಬರಾಜನ್ನು ನಿರ್ವಹಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸುವಾಗ ಎಡವಟ್ಟಾಗಿ 72 ಮಳಿಗೆಗಳನ್ನು ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ತೆರೆದಿದ್ದ ಹಲವೆಡೆ ಕೋಳಿಯೇ ಇರಲಿಲ್ಲ. ಒಂದೇ ಪಾಕಶಾಲೆ, ಒಂದೇ ಲೆಕ್ಕಪುಸ್ತಕ ಎಂಬ ವ್ಯವಸ್ಥೆಯ ಬೆಲೆಯಿದು. ಬೀದಿಯ ಹೋಟೆಲಿಗ ತರಕಾರಿ ಸಿಗದ ದಿನ ಪಕ್ಕದ ಅಂಗಡಿಗೆ ಓಡುತ್ತಾನೆ, ಸರಪಳಿಯ ಮಳಿಗೆ ಹಾಗೆ ಓಡಲಾರದು.

ಈ ಕಥೆಯಲ್ಲಿ ಮಂಡಿ ವರ್ತಕರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ, ಅದು ಅಷ್ಟು ಹಿತವಾದುದಲ್ಲ. 2008ರಲ್ಲಿ ಜಾಲಿಬೀಯ ಪ್ರತಿಷ್ಠಾನವು ಸಣ್ಣ ರೈತರ ಗುಂಪುಗಳನ್ನು ಸಂಘಟಿಸಿ, ಅವರಿಂದ ಸಂಸ್ಥೆಗೆ ನೇರವಾಗಿ ಈರುಳ್ಳಿ ಒದಗಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ರೈತನಿಗೆ ಖಚಿತ ಗಿರಾಕಿ, ಸಂಸ್ಥೆಗೆ ಖಚಿತ ಗುಣಮಟ್ಟ. ನಡುವಣ ದಲ್ಲಾಳಿಗೆ ಅಲ್ಲಿ ಸ್ಥಾನವಿಲ್ಲ. ಸರಪಳಿ ಮಳಿಗೆಗಳು ಬೆಳೆದಲ್ಲೆಲ್ಲಾ ಇದು ನಡೆಯುವಂಥದೇ. ಆದರೂ ಇಂತಹ ಗಿರಾಕಿಗೆ ಈರುಳ್ಳಿಯನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಕೊಳೆತದ್ದನ್ನು ತೆಗೆದು, ಶೈತ್ಯಾಗಾರದಲ್ಲಿಟ್ಟು, ಹೇಳಿದ ದಿನ ಹೇಳಿದ ತೂಕಕ್ಕೆ ತಲುಪಿಸುವವರು ಯಾರಾದರೂ ಬೇಕೇ ಬೇಕು. ಕಮಿಷನ್ನಿನ ಆಸರೆ ಬಿಟ್ಟು ಆ ಕೆಲಸಕ್ಕೆ ಬಂಡವಾಳ ಹೂಡಲು ಹುಬ್ಬಳ್ಳಿಯ ಅಥವಾ ಯಶವಂತಪುರದ ಈರುಳ್ಳಿ ವರ್ತಕರಲ್ಲಿ ಎಷ್ಟು ಮಂದಿ ಮುಂದಾಗುವರು?