ಮುದ್ರೆಯಿಲ್ಲದ ಪತ್ರವನ್ನು ನಂಬುವ ಮುನ್ನ

ಇಮೇಲ್‌ನಲ್ಲಿ ಪರಿಚಿತರ ಹೆಸರು ಕಂಡೊಡನೆ ನಾವು ಅದನ್ನು ನಂಬಿಬಿಡುತ್ತೇವೆ. ಅಷ್ಟಕ್ಕೂ ಆ ಹೆಸರು ಲಕೋಟೆಯ ಮೇಲಿನ ಬರಹವಷ್ಟೇ. ಅದನ್ನು ಯಾರೂ ಬರೆಯಬಹುದು.

ಈ ನಂಬಿಕೆಗೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಭೀಮಾ ಕೋರೆಗಾಂವ್ ಪ್ರಕರಣ ಸಾಕ್ಷಿ. 2018ರಲ್ಲಿ ಬಂಧಿತರಾದ ರೋನಾ ವಿಲ್ಸನ್‌ರ ಕಂಪ್ಯೂಟರಿನಲ್ಲಿ ದೊರೆತವೆನ್ನಲಾದ ಪತ್ರಗಳೇ ಆರೋಪದ ಆಧಾರವಾದವು. ವರವರ ರಾವ್‌ರ ಇಮೇಲ್ ಖಾತೆಯಿಂದ 2016ರ ಜೂನ್‌ನಲ್ಲಿ ಬೇರಾರೋ ಕಳುಹಿಸಿದ ಕಡತವನ್ನು ವಿಲ್ಸನ್ ತೆರೆದರು, ಆ ಮೂಲಕ ಕಂಪ್ಯೂಟರ್ ಪರರ ವಶವಾಗಿ ಪತ್ರಗಳು ಒಳಸೇರಿದವು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರಲ್ಲಿ ವರದಿ ನೀಡಿತು. ರಾಷ್ಟ್ರೀಯ ತನಿಖಾ ದಳ ಇದನ್ನು ಒಪ್ಪಲಿಲ್ಲ. ವಿಲ್ಸನ್‌ರಿಗೆ ಜಾಮೀನು ದೊರೆತದ್ದು 2025ರ ಜನವರಿಯಲ್ಲಿ. ಅದೇ ಪ್ರಕರಣದ ಫಾದರ್ ಸ್ಟಾನ್ ಸ್ವಾಮಿಯವರಂತೂ 2021ರ ಜುಲೈಯಲ್ಲಿ ಜಾಮೀನು ಕಾಣದೆಯೇ ಅಗಲಿದರು.

ಡಿಜಿಟಲ್ ಸಹಿಯ ಮಹತ್ವ ಇಲ್ಲಿದೆ. ಕಳುಹಿಸುವವರು ತಮ್ಮ ಖಾಸಗಿ ಕೀಲಿಯಿಂದ ಸಂದೇಶಕ್ಕೆ ಸಹಿ ಮಾಡುತ್ತಾರೆ. ಪಡೆದವರು ಅವರ ಸಾರ್ವಜನಿಕ ಕೀಲಿಯಿಂದ ಅದನ್ನು ಪರಿಶೀಲಿಸುತ್ತಾರೆ. ಒಂದಕ್ಷರ ಬದಲಾದರೂ ಪರಿಶೀಲನೆ ಸೋಲುತ್ತದೆ. ಗೂಢಲಿಪೀಕರಣವಷ್ಟೇ ಇದ್ದರೆ ಸಾಲದು. ನಮ್ಮ ಸಾರ್ವಜನಿಕ ಕೀಲಿ ಬಲ್ಲ ಯಾರೂ ನಮಗೆ ಗುಪ್ತ ಸಂದೇಶ ಕಳುಹಿಸಬಲ್ಲರು. ಗುಟ್ಟಾಗಿ ಬಂದುದೆಲ್ಲ ಸಾಚಾ ಅಲ್ಲ.

ಕೀಲಿ ಯಾರದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಭಾರತ ಸರಕಾರದ್ದೇ ಆದ ನ್ಯಾಶನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್‌ನಿಂದ 2014ರಲ್ಲಿ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಆದ್ದರಿಂದ ಕೀಲಿಯ ಗುರುತುಸಂಖ್ಯೆಯನ್ನು ಮುಖತಃ ಅಥವಾ ಪರಿಚಿತ ದೂರವಾಣಿಯಲ್ಲಿ ತಾಳೆ ನೋಡುವುದೇ ಲೇಸು. ಕಂಪ್ಯೂಟರೇ ಪರರ ವಶವಾದರೆ ಕೀಲಿಯೂ ಕಳವಾಗಬಹುದೆಂಬ ಎಚ್ಚರವೂ ಇರಲಿ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಯ ಹ್ಯಾಶ್ ಮೌಲ್ಯವನ್ನು ಪ್ರಮಾಣಪತ್ರದಲ್ಲಿ ಕೇಳುತ್ತದೆ. ಆದರೆ ಹ್ಯಾಶ್ ಹೇಳುವುದು ಕಡತ ಆಮೇಲೆ ಬದಲಾಗಿಲ್ಲ ಎಂದಷ್ಟೇ, ಬರೆದವರಾರೆಂದಲ್ಲ. ಸಹಿಯಿಲ್ಲದ ಕಡತವೊಂದನ್ನು ಮುಂದಿಟ್ಟು ವ್ಯಕ್ತಿಯ ಸ್ವಾತಂತ್ರ್ಯ ಕಸಿಯುವಾಗ ನ್ಯಾಯಾಲಯಗಳು ಈ ಪ್ರಶ್ನೆಯನ್ನು ಕೇಳಲೇಬೇಕು.

ಮುದ್ರೆಯಿಲ್ಲದ ಪತ್ರವನ್ನು ದೊರೆಗಳು ಸ್ವೀಕರಿಸುವುದಿಲ್ಲವೆಂದು ತಿಳಿದಾಗ ಪ್ರವಾದಿವರ್ಯರು(ಸ) ಬೆಳ್ಳಿಯ ಮುದ್ರೆಯುಂಗುರ ಮಾಡಿಸಿದರು. ಅದೇ ಕೆತ್ತನೆಯನ್ನು ಬೇರಾರೂ ಬಳಸಬಾರದೆಂದೂ ವಿಧಿಸಿದರು. ಹದೀಸ್‌ನ ವರದಿಗಾರರನ್ನು ಒಬ್ಬೊಬ್ಬರನ್ನಾಗಿ ಒರೆಗೆ ಹಚ್ಚಿದ ಪರಂಪರೆ ನಮ್ಮದು. ಆ ಪರಂಪರೆಯ ವಾರಸುದಾರರು ಕೈಗೆ ಬಂದ ಸಂದೇಶವನ್ನು ಪರಿಶೀಲಿಸದೆ ತೆರೆಯುವುದೂ ಹಂಚುವುದೂ ಶೋಭಿಸದು. ನಮ್ಮ ಜಮಾಅತ್‌ಗಳು, ವಿದ್ಯಾರ್ಥಿ ಸಂಘಟನೆಗಳು, ವಕೀಲರು ಈ ವಿದ್ಯೆಯನ್ನು ಕಲಿಯಲಿ, ಕಲಿಸಲಿ.