ಕಲ್ಲು ಹಿಡಿದ ಸ್ವರ

2019ನೆಯ ಇಸವಿಯ ಏಪ್ರಿಲ್ 15ರ ಸಂಜೆ ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲಿನ ಮಾಡು ಹೊತ್ತಿ ಉರಿಯಿತಷ್ಟೆ. ಈಸ್ಟರಿಗೆ ಉಳಿದಿದ್ದುದು ಆರೇ ದಿನ. ಕುಸಿದ ಶಿಖರವನ್ನೂ ಕರಗಿದ ಸೀಸವನ್ನೂ ಲೋಕವೆಲ್ಲ ಲೆಕ್ಕ ಹಾಕಿತು. ಅಲ್ಲಿನ ಗಾಯನದ ಗತಿಯೇನೆಂದು ಕೇಳಿದವರು ವಿರಳ. "ಗಾಯನಕ್ಕೇನು? ಹಸ್ತಪ್ರತಿಗಳು ಬೇರೆಡೆ ಭದ್ರವಾಗಿವೆ, ಧ್ವನಿಮುದ್ರಣಗಳಿವೆ" ಎಂದರು ನನ್ನ ಮಿತ್ರರೊಬ್ಬರು. ಕುಮಾರವ್ಯಾಸ ಭಾರತ ಕಪಾಟಿನಲ್ಲಿದ್ದ ಮಾತ್ರಕ್ಕೆ ಊರಿನಲ್ಲಿ ಗಮಕ ಉಳಿದಂತಾಯಿತೆ?

ಈ ಮಂದಿರದ ನಿರ್ಮಾಣ ಮೊದಲಾದುದು 1163ರಲ್ಲಿ. ಗೋಡೆಗಳು ಇನ್ನೂ ಏಳುತ್ತಿದ್ದಾಗಲೇ ಅಲ್ಲಿನ ಗಾಯಕರು ಒಂದು ಹೊಸ ಹಾಡುಗಾರಿಕೆಯನ್ನು ಕಟ್ಟತೊಡಗಿದ್ದರು. ಈಸ್ಟರಿನ 'ಹೆಕ್ ದೀಎಸ್' ಎಂಬ ಲ್ಯಾಟಿನ್ ಗೀತವನ್ನೇ ನೋಡಿ. ಪರಂಪರೆಯ ಧಾಟಿಯ ಒಂದೊಂದು ಸ್ವರವನ್ನೂ ಕೆಳಗಿನ ಕಂಠ ನೀಳವಾಗಿ ಹಿಡಿದು ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಕಂಠ ಬಳ್ಳಿಯಂತೆ ಸುತ್ತಿ ಹಬ್ಬುತ್ತದೆ. ಅನಂತರ ಉಳಿದ ಸಾಹಿತ್ಯವನ್ನು ಮೇಳವೆಲ್ಲ ಏಕಕಂಠದಿಂದ ಎತ್ತಿಕೊಳ್ಳುತ್ತದೆ. ಆ ಎತ್ತರದ ಕಮಾನುಗಳಲ್ಲಿ ಹಾಡಿದ ಸ್ವರ ಹಲವು ಸೆಕೆಂಡುಗಳ ಕಾಲ ಅಳಿಯದು. ಹಾಡುವವನು ತನ್ನ ಹಿಂದಿನ ಸ್ವರವನ್ನು ಕೇಳಿಕೊಳ್ಳುತ್ತಲೇ ಮುಂದಿನದನ್ನು ಹಾಡಬೇಕು. ಅವಸರಿಸಿದನೋ, ಎಲ್ಲವೂ ಕಲಸುಮೇಲೋಗರ.

ನಾನು ಇದನ್ನು ಪ್ಯಾರಿಸಿನಲ್ಲಿ ಕೇಳಿದವನಲ್ಲ. ಮನೆಯಲ್ಲಿ ಕುಳಿತು ಯಂತ್ರದಿಂದ ಕೇಳಿದವನು. ಕೇಳಿದಂದು ನಾಚಿಕೆಯಾಯಿತು. ಅವರದು ಸ್ವರಮೇಳ, ನಮ್ಮದು ರಾಗ. ಅವರದು ಬರೆಹ, ನಮ್ಮದು ಬಾಯಿ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಗೆರೆಯೆಳೆದು ಹೇಳಿದವನು ನಾನೇ. ಆ ನೀಳಸ್ವರ ನಮ್ಮ ತಂಬೂರಿಯ ಶ್ರುತಿಯಲ್ಲ, ನಿಜ. ಶ್ರುತಿ ಕದಲದು, ಇದಾದರೋ ಧಾಟಿಯೊಡನೆ ಹೆಜ್ಜೆ ಬದಲಿಸುತ್ತದೆ. ಆದರೂ ನನ್ನ ಗೆರೆ ಅಳಿಸಿಹೋಯಿತು.

ಬರೆಹದ ಮಾತನ್ನೇ ನೋಡೋಣ. ಈ ಹಾಡುಗಳ ಒಂದು ಮುಖ್ಯ ಹಸ್ತಪ್ರತಿ ಫ್ಲಾರೆನ್ಸಿನಲ್ಲಿದೆ. ಅದರಲ್ಲಿ ಕರ್ತೃಗಳ ಹೆಸರಿಲ್ಲ. ಲೆಓನಿನ್, ಪೆರೋತಿನ್ ಎಂಬ ಹೆಸರುಗಳನ್ನು ಈ ಹಾಡುಗಳೊಡನೆ ಜೋಡಿಸಿ ಹೇಳಿದವನು 13ನೆಯ ಶತಮಾನದ ಉತ್ತರಾರ್ಧದ ಒಬ್ಬ ಲೇಖಕ. ಪ್ಯಾರಿಸಿನಲ್ಲಿ ಕಲಿತ ಆಂಗ್ಲ ವಿದ್ಯಾರ್ಥಿಯಿರಬೇಕೆಂದು ಊಹೆ. ಆಚಾರ್ಯರ ಹೆಸರುಗಳನ್ನು ಉಳಿಸಿದವನ ಹೆಸರೇ ಉಳಿಯಲಿಲ್ಲ. ವಿದ್ವಾಂಸರು ಅವನನ್ನು 'ನಾಲ್ಕನೆಯ ಅನಾಮಿಕ' ಎನ್ನುತ್ತಾರೆ. (ನಮ್ಮ ವಿದ್ಯಾರ್ಥಿಗಳ ಟಿಪ್ಪಣಿಗಳು ಪರೀಕ್ಷೆ ಮುಗಿದ ವಾರವೇ ರದ್ದಿಯಂಗಡಿಯ ದಾರಿ ಹಿಡಿಯುತ್ತವೆ.) ಪ್ರತಿಯಲ್ಲಿ ಸ್ವರಗಳೇನೋ ಇವೆ, ಮೇಲಿನ ಕಂಠ ಯಾವ ಸ್ವರದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅಲ್ಲಿ ತೀರ್ಪು ಹೇಳಬೇಕಾದವು ಕಲಿತ ಕಂಠ ಮತ್ತು ಮಾರುನುಡಿಯುವ ಕಲ್ಲು. ಎರಡರಲ್ಲಿ ಒಂದು ಹೋದರೂ ಪುಸ್ತಕ ಮೂಕ.

ಆದಕಾರಣ ಮಂದಿರ ಮುಚ್ಚಿದ್ದ ಐದು ವರ್ಷಗಳಲ್ಲಿ ಅಲ್ಲಿನ ಗಾಯನಶಾಲೆಯ ಮೇಳ ಚದುರದೆ, ಪರರ ಇಗರ್ಜಿಗಳಲ್ಲಿ ಹಾಡಿಕೊಂಡಿದ್ದುದು, ಮಾಡಿಗೆ ಹೊಸ ಓಕ್ ತೊಲೆಗಳನ್ನು ಏರಿಸಿದುದಕ್ಕಿಂತ ಕಿರಿದಾದ ಕೆಲಸವೆಂದು ನಾನು ಎಣಿಸಲಾರೆ. 2020ರ ಕ್ರಿಸ್ಮಸ್ ಹಬ್ಬಕ್ಕಾಗಿ ಎಂಟು ಮಂದಿ ಗಾಯಕರು ಕಟ್ಟಡ ಕೆಲಸಗಾರರ ಶಿರಸ್ತ್ರಾಣ ಧರಿಸಿ, ಕೇಳುವ ಜನರಿಲ್ಲದ ಆ ಬೆಂದ ಮಂದಿರದೊಳಗೆ ನಿಂತು ಹಾಡಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. 2025ರ ಏಪ್ರಿಲ್ 20ರಂದು, ಏಳು ವರ್ಷಗಳ ಬಳಿಕ, ಈಸ್ಟರಿನ ಹಾಡು ಮತ್ತೆ ಆ ಕಮಾನುಗಳನ್ನು ಮುಟ್ಟಿತು.